ಗೇಮಿನೊಳಗಿನ ಕಿಡ್, ಕಾರವಾರಕ್ಕೆ ಬಂದ ಕಿಡ್

ಸಿಡ್ ಮೈಯರ್ಸ್ ಪೈರೇಟ್ಸ್ ಅನ್ನೋ ಗೇಮ್ ಆಡಿದವರಿಗೆ ಕ್ಯಾಪ್ಟನ್ ಕಿಡ್ ಹೆಸರು ಹೊಸದಲ್ಲ. ಆಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1987ರಲ್ಲಿ ಕಮೊಡೋರ್ 64 ಎಂಬ ಕಂಪ್ಯೂಟರಿಗೆ ಬಂದ ಆಟ ಇದು. 2004ರಲ್ಲಿ ಹೊಸ ಗ್ರಾಫಿಕ್ಸ್ ಹಾಕಿಕೊಂಡು ಮತ್ತೆ ಬಂತು. ನಮ್ಮ ವಯಸ್ಸಿನವರ ಲೆಕ್ಕದಲ್ಲಿ ಪುರಾತನ. ಆದರೂ ಸೆಮಿಸ್ಟರ್ ಪರೀಕ್ಷೆಗೆ ಇನ್ನು ನಾಲ್ಕೇ ದಿನ ಇದೆ ಅನ್ನುವಾಗ ಇದನ್ನು ಶುರು ಮಾಡಬೇಡಿ, ಅನುಭವದ ಮಾತು.

ಈ ಆಟದಲ್ಲಿ ಲೆವೆಲ್ ಇಲ್ಲ. ಈಗ ಇಲ್ಲಿಗೆ ಹೋಗು, ಇವನನ್ನು ಹೊಡಿ ಅಂತ ಯಾರೂ ಹೇಳಲ್ಲ. ನಿಮ್ಮ ಕೈಗೆ ಒಂದು ಪುಟ್ಟ ಹಡಗು, ಒಂದಿಷ್ಟು ಜನ, ಮುಂದೆ ಇಡೀ ಕೆರಿಬಿಯನ್ ಸಮುದ್ರ. ಗಾಳಿ ಯಾವ ಕಡೆಗಿದೆ ನೋಡಿಕೊಂಡು ಹೊರಡೋದು. ಸ್ಪೇನಿನ ಸರಕು ಹಡಗು ಸಿಕ್ಕರೆ ದೋಚಬಹುದು, ಸಕ್ಕರೆಯನ್ನು ಒಂದೂರಲ್ಲಿ ಕೊಂಡು ಇನ್ನೊಂದೂರಲ್ಲಿ ಮಾರಬಹುದು, ಗವರ್ನರ್ ಮಗಳ ಜೊತೆ ಡ್ಯಾನ್ಸ್ ಮಾಡಿ ಹೆಜ್ಜೆ ತಪ್ಪಿ ಮರ್ಯಾದೆ ಕಳೆದುಕೊಳ್ಳಬಹುದು. ಏನೂ ಬೇಡ ಅನ್ನಿಸಿದರೆ ಸುಮ್ಮನೆ ತೇಲುತ್ತಾ ಇರಬಹುದು. ಬೇಜಾರಾದ ದಿನ ನಿವೃತ್ತಿ ತಗೋಬಹುದು. ಅಲ್ಲಿಗೆ ನಿಮ್ಮ ಬದುಕು ಹೇಗೆ ಕಳೆಯಿತು ಅಂತ ಒಂದು ಲೆಕ್ಕ ಕೊಟ್ಟು ಆಟ ಮುಗಿಯುತ್ತದೆ.

ಇಷ್ಟು ಸ್ವಾತಂತ್ರ್ಯದ ನಡುವೆ ಎರಡು ವಿಷಯದ ಮೇಲೆ ಮಾತ್ರ ಸದಾ ಕಣ್ಣಿಟ್ಟಿರಬೇಕು. ಮೊದಲನೆಯದು ಕಾಗದ. ಯಾವುದಾದರೂ ಒಂದು ದೇಶದ ಗವರ್ನರ್ ನಿಮಗೆ ಲೆಟರ್ ಆಫ್ ಮಾರ್ಕ್ ಎಂಬ ಅಪ್ಪಣೆ ಪತ್ರ ಕೊಡುತ್ತಾನೆ. ಅದು ಕೈಲಿದ್ದರೆ ಶತ್ರು ದೇಶದ ಹಡಗು ದೋಚೋದು ದೇಶಸೇವೆ, ಇಲ್ಲದಿದ್ದರೆ ದರೋಡೆ. ಎರಡನೆಯದು ಹಡಗಿನ ಜನರ ಮುಖ. ತಿಂಗಳುಗಟ್ಟಲೆ ಹಣ ಬರದಿದ್ದರೆ ಅವರು ಮುನಿಸಿಕೊಳ್ಳುತ್ತಾರೆ, ಬಿಟ್ಟು ಹೋಗುತ್ತಾರೆ, ಕೊನೆಗೆ ತಿರುಗಿ ಬೀಳುತ್ತಾರೆ. ಇವೆರಡೂ ಕೈಕೊಟ್ಟರೂ ಆಟಗಾರನಿಗೆ ದೊಡ್ಡ ಭಯವೇನಿಲ್ಲ. ಈ ಆಟದಲ್ಲಿ ನೀವು ಸಾಯೋದೇ ಇಲ್ಲ. ಸಿಕ್ಕಿಬಿದ್ದರೆ ಕೆಲವು ತಿಂಗಳು ಜೈಲು, ಆಮೇಲೆ ಮತ್ತೆ ಸಮುದ್ರ.

ನೀವು ಹೀಗೆ ತಿರುಗುವಾಗ ಅದೇ ನೀರಿನಲ್ಲಿ ಹೆಸರಾಂತ ಕಡಲ್ಗಳ್ಳರೂ ತಿರುಗುತ್ತಿರುತ್ತಾರೆ. ಹೆನ್ರಿ ಮಾರ್ಗನ್, ಬ್ಲ್ಯಾಕ್‌ಬಿಯರ್ಡ್, ಲಫೀಟ್, ಕಿಡ್. (ಇತಿಹಾಸದಲ್ಲಿ ಲಫೀಟ್ ಬಂದಿದ್ದು ಕಿಡ್ ಸತ್ತು ನೂರು ವರ್ಷದ ಮೇಲೆ. ಗೇಮಿಗೆ ಅದೆಲ್ಲ ಲೆಕ್ಕಕ್ಕಿಲ್ಲ ಬಿಡಿ.) ಅವರು ಹೂತಿಟ್ಟ ನಿಧಿಯ ನಕ್ಷೆ ತುಂಡು ತುಂಡಾಗಿ ಹೆಂಡದಂಗಡಿಗಳಲ್ಲಿ ಮಾರಾಟಕ್ಕೆ ಸಿಗುತ್ತದೆ. ಒಂದು ರಾತ್ರಿ ಕಿಡ್‌ನ ನಿಧಿ ಅಗೆದು ತೆಗೆದೆ. ಪೆಟ್ಟಿಗೆ ತೆರೆಯಿತು, ಚಿನ್ನ ನನ್ನ ಖಾತೆಗೆ ಬಂತು. ಈ ಮನುಷ್ಯ ನಿಜವಾಗಿ ಯಾರು ಅಂತ ಹುಡುಕೋಕೆ ಕೂತೆ. ಓದ್ತಾ ಓದ್ತಾ ಎರಡು ಗಂಟೆ ರಾತ್ರಿಯಲ್ಲಿ ಒಂದು ಹೆಸರು ಬಂತು ನೋಡಿ, ನಿದ್ದೆ ಹಾರಿಹೋಯಿತು. ಕಾರವಾರ!

ವಿಲಿಯಂ ಕಿಡ್ ಸ್ಕಾಟ್ಲೆಂಡಿನವನು. ಸುಮಾರು 1654ರಲ್ಲಿ ಹುಟ್ಟಿದವನು. ಅವನ ಎಳವೆಯ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಅವನು ನಮಗೆ ಸರಿಯಾಗಿ ಕಾಣಿಸಿಕೊಳ್ಳೋದು 1689ರಲ್ಲಿ, ಕೆರಿಬಿಯನ್ನಿನಲ್ಲಿ, ಫ್ರೆಂಚರೂ ಇಂಗ್ಲಿಷರೂ ಬೆರೆತಿದ್ದ ಒಂದು ಕಡಲ್ಗಳ್ಳರ ಹಡಗಿನಲ್ಲಿ. ಅದೇ ವರ್ಷ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಶುರುವಾಯಿತು. ಹಡಗಿನಲ್ಲಿದ್ದ ಕೆಲವೇ ಇಂಗ್ಲಿಷರು ಸಮಯ ನೋಡಿ ಹಡಗನ್ನೇ ಹಾರಿಸಿಕೊಂಡು ನೆವಿಸ್ ದ್ವೀಪಕ್ಕೆ ತಂದರು. ಅಲ್ಲಿನ ಇಂಗ್ಲಿಷ್ ಗವರ್ನರ್‌ಗೆ ಖುಷಿಯೋ ಖುಷಿ. ಹಡಗಿಗೆ ಬ್ಲೆಸ್ಡ್ ವಿಲಿಯಂ ಎಂದು ಹೆಸರಾಯಿತು, ಕಿಡ್ ಕ್ಯಾಪ್ಟನ್ ಆದ. ನಿನ್ನೆಯ ಕಡಲ್ಗಳ್ಳ ಇವತ್ತು ಸರ್ಕಾರಿ ಅಪ್ಪಣೆಯ ದಾಳಿಕಾರ. ಇಂಥವರನ್ನು ಪ್ರೈವೇಟಿಯರ್ ಎನ್ನುತ್ತಿದ್ದರು. ಗೇಮಿನಲ್ಲಿ ಗವರ್ನರ್ ಮನೆಗೆ ಹೋಗಿ ಪತ್ರ ಈಸ್ಕೊಂಡು ಬರ್ತೀವಲ್ಲ, ಥೇಟ್ ಹಾಗೆ.

ಆದರೆ ಹಡಗಿನ ಜನ? ಕಡಲ್ಗಳ್ಳತನದ ರುಚಿ ಕಂಡವರಿಗೆ ರಾಜನ ಯುದ್ಧದಲ್ಲಿ ಗುಂಡಿಗೆ ಎದೆಯೊಡ್ಡುವ ಉತ್ಸಾಹ ಇರಲಿಲ್ಲ. 1690ರ ಫೆಬ್ರವರಿಯಲ್ಲಿ ಕಿಡ್ ಆಂಟಿಗಾ ದ್ವೀಪದಲ್ಲಿ ದಡಕ್ಕಿಳಿದಿದ್ದಾಗ ಅವರು ಹಡಗನ್ನೂ, ಅದರಲ್ಲಿದ್ದ ಅವನ ಹಣವನ್ನೂ ಎತ್ತಿಕೊಂಡು ಪರಾರಿಯಾದರು. ಹಾಗೆ ಓಡಿಹೋದವರಲ್ಲಿ ರಾಬರ್ಟ್ ಕಲಿಫರ್ಡ್ ಎಂಬವನೊಬ್ಬ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ. ಗವರ್ನರ್ ಕಿಡ್‌ಗೆ ಬೇರೊಂದು ಹಡಗು ಕೊಟ್ಟ.

1691ರಲ್ಲಿ ಕಿಡ್ ನ್ಯೂಯಾರ್ಕಿನಲ್ಲಿದ್ದ. ಅಲ್ಲೊಂದು ದಂಗೆ ಅಡಗಿಸಲು ಹೊಸ ಗವರ್ನರ್‌ಗೆ ನೆರವಾಗಿ 150 ಪೌಂಡು ಬಹುಮಾನ ಪಡೆದ. ಅದೇ ಮೇ ತಿಂಗಳಲ್ಲಿ ಸಾರಾ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳಾದರು. ಒಳ್ಳೆಯ ಮನೆ, ಊರಲ್ಲಿ ಗೌರವ. ನ್ಯೂಯಾರ್ಕಿನ ಟ್ರಿನಿಟಿ ಚರ್ಚ್ ಮೊದಲ ಸಲ ಕಟ್ಟುವಾಗ ಕಲ್ಲು ಎತ್ತಲು ತನ್ನ ಹಡಗಿನ ಕಪ್ಪಿ-ಹಗ್ಗ ಕೊಟ್ಟವನು ಇವನೇ. ಸಿವಿಲ್‌ನವರು ಗಮನಿಸಬೇಕು! ಇಲ್ಲಿಗೆ ನಿವೃತ್ತಿ ತಗೊಂಡಿದ್ದರೆ ಗೇಮಿನ ಲೆಕ್ಕದಲ್ಲಿ ಒಳ್ಳೆ ಸ್ಕೋರೇ ಬರುತ್ತಿತ್ತು. ನಾನಾಗಿದ್ದರೆ ಇಲ್ಲಿಗೇ ಮುಗಿಸುತ್ತಿದ್ದೆ. ಅವನಿಗೆ ಅದು ಸಾಕಾಗಲಿಲ್ಲ. ರಾಜನ ನೌಕಾಪಡೆಯಲ್ಲಿ ಕ್ಯಾಪ್ಟನ್ ಆಗಬೇಕು ಅನ್ನೋ ಆಸೆಯಿಂದ 1695ರಲ್ಲಿ ಲಂಡನ್ನಿಗೆ ಹೋದ.

ನೌಕಾಪಡೆಯಲ್ಲಿ ಕೆಲಸ ಸಿಗಲಿಲ್ಲ. ಬದಲಿಗೆ ಹೂಡಿಕೆದಾರರು ಸಿಕ್ಕರು. ಆಗಷ್ಟೇ ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್‌ಗೆ ಗವರ್ನರ್ ಆಗಿ ನೇಮಕವಾಗಿದ್ದ ಲಾರ್ಡ್ ಬೆಲೊಮಾಂಟ್, ನ್ಯೂಯಾರ್ಕಿನ ವ್ಯಾಪಾರಿ ರಾಬರ್ಟ್ ಲಿವಿಂಗ್‌ಸ್ಟನ್, ಇವರ ಹಿಂದೆ ಇಂಗ್ಲೆಂಡಿನ ಸರ್ಕಾರದಲ್ಲೇ ಕೂತಿದ್ದ ನಾಲ್ವರು ದೊಡ್ಡ ಮನುಷ್ಯರು. ಯೋಜನೆ ಇಷ್ಟು: ಹಿಂದೂ ಮಹಾಸಾಗರದಲ್ಲಿ ಕಡಲ್ಗಳ್ಳರು ಕೊಬ್ಬಿದ್ದಾರೆ, ಅವರನ್ನು ಹಿಡಿದು ಅವರು ದೋಚಿದ್ದನ್ನು ನಾವು ಇಟ್ಟುಕೊಳ್ಳೋಣ. ಮಾಲೀಕರಿಗೆ ವಾಪಸ್ ಕೊಡೋ ಮಾತೇ ಇಲ್ಲ. ದಾರಿಯಲ್ಲಿ ಫ್ರೆಂಚ್ ಹಡಗು ಸಿಕ್ಕರೆ ಅದೂ ನಮ್ಮದೇ. ರಾಜ ಮೂರನೇ ವಿಲಿಯಂನಿಗೆ ಹತ್ತರಲ್ಲೊಂದು ಪಾಲು.

ಒಪ್ಪಂದದ ಷರತ್ತುಗಳನ್ನು ಸ್ವಲ್ಪ ನೋಡಬೇಕು, ಕಿಡ್‌ನ ಕೊರಳಿಗೆ ಹಗ್ಗ ಬಿದ್ದಿದ್ದು ಅಲ್ಲೇ ಅಂತ ನನಗನ್ನಿಸುತ್ತದೆ. ಹಡಗಿನ ಜನರಿಗೆ ಸಂಬಳ ಇಲ್ಲ. ಬೇಟೆ ಸಿಕ್ಕರೆ ಪಾಲು, ಇಲ್ಲದಿದ್ದರೆ ಬರಿಗೈ. ಆ ಪಾಲೂ ಕಾಲುಭಾಗಕ್ಕಿಂತ ಹೆಚ್ಚಿಲ್ಲ. 1697ರ ಮಾರ್ಚ್ 25ರೊಳಗೆ ಏನೂ ಸಿಗದಿದ್ದರೆ ಹೂಡಿಕೆದಾರರ ಹಣವನ್ನು ಕಿಡ್ ಮತ್ತು ಲಿವಿಂಗ್‌ಸ್ಟನ್ ಹಿಂತಿರುಗಿಸಬೇಕು. ಕಿಡ್ 20,000 ಪೌಂಡಿಗೆ ಮುಚ್ಚಳಿಕೆ ಬರೆದುಕೊಟ್ಟ. ದೊಡ್ಡವರ ಹೆಸರು ಹೊರಗೆ ಬರುವ ಹಾಗಿಲ್ಲ. ಲಾಭ ಬಂದರೆ ಎಲ್ಲರಿಗೂ, ನಷ್ಟವಾದರೆ ಇವನಿಗೆ. ತನ್ನ ಪಾಲಿನ ಹಣ ಹೊಂದಿಸಲು ಕಿಡ್ ತನ್ನ ಸ್ವಂತ ಹಡಗನ್ನೂ ಮಾರಿದ. ಫೈನಲ್ ಇಯರ್‌ನಲ್ಲಿ ಸ್ಟಾರ್ಟಪ್ ಮಾಡ್ತೀನಿ ಅಂತ ಓಡಾಡುತ್ತಿರುವ ಗೆಳೆಯರು ಈ ಪ್ಯಾರಾ ಇನ್ನೊಂದು ಸಲ ಓದಿಕೊಳ್ಳಿ.

ಕೈಗೆ ಎರಡು ರಾಜಪತ್ರ ಬಂದವು. ಒಂದು ಫ್ರೆಂಚರ ವಿರುದ್ಧ, ಇನ್ನೊಂದು ಕಡಲ್ಗಳ್ಳರ ವಿರುದ್ಧ. ಹಡಗಿನ ಹೆಸರು ಅಡ್ವೆಂಚರ್ ಗ್ಯಾಲಿ. 34 ಫಿರಂಗಿ, ಹಾಯಿಗಳ ಜೊತೆಗೆ 46 ಹುಟ್ಟು. ಗಾಳಿ ನಿಂತಾಗ ಉಳಿದ ಹಡಗುಗಳು ಸುಮ್ಮನೆ ನಿಂತಿದ್ದರೆ ಇದು ಹುಟ್ಟು ಹಾಕಿಕೊಂಡು ನಡೆಯಬಲ್ಲದು. ಹೈಬ್ರಿಡ್ ಎಂಜಿನ್ ಅನ್ನಿ. ಕಲ್ಪನೆ ಚೆನ್ನಾಗಿತ್ತು, ಕಟ್ಟಿದ್ದು ಮಾತ್ರ ಅವಸರದಲ್ಲಿ.

1696ರ ಮೊದಲಲ್ಲಿ ಥೇಮ್ಸ್ ನದಿಯಲ್ಲಿ ಇಳಿದು ಬರುವಾಗಲೇ ಎಡವಟ್ಟಾಯಿತು. ಗ್ರೀನ್‌ವಿಚ್ ಹತ್ತಿರ ನೌಕಾಪಡೆಯ ಹಡಗೊಂದಕ್ಕೆ ಸಲ್ಲಬೇಕಾದ ವಂದನೆ ಕಿಡ್ ಸಲ್ಲಿಸಲಿಲ್ಲ. ಆ ಕಡೆಯಿಂದ ಎಚ್ಚರಿಕೆಯ ಗುಂಡು ಹಾರಿದರೆ ಇವನ ಹಡಗಿನವರು ಹಾಯಿಗಂಬದ ಮೇಲಿಂದ ತಿರುಗಿ ನಿಂತು ಹಿಂಭಾಗ ತಟ್ಟಿ ತೋರಿಸಿದರು. ಪರಿಣಾಮ, ಕಿಡ್ ಆರಿಸಿ ಆರಿಸಿ ಕೂಡಿಸಿದ್ದ ನಾವಿಕರಲ್ಲಿ ಬಹಳಷ್ಟು ಮಂದಿಯನ್ನು ನೌಕಾಪಡೆ ಬಲವಂತವಾಗಿ ತನ್ನ ಕೆಲಸಕ್ಕೆ ಎಳೆದುಕೊಂಡಿತು. ಅವರ ಜಾಗಕ್ಕೆ ನ್ಯೂಯಾರ್ಕಿನಲ್ಲಿ ಜನ ತುಂಬಿಸಬೇಕಾಯಿತು. ಕಾಲುಭಾಗದ ಪಾಲಿಗೆ ಯಾರು ಬರುತ್ತಾರೆ? ಹೆಚ್ಚು ಪಾಲು ಕೊಡುವುದಾಗಿ ಒಪ್ಪಿಕೊಂಡ. ಬಂದವರಲ್ಲಿ ಹಳೇ ಕಡಲ್ಗಳ್ಳರೂ ಇದ್ದರು. ಸೆಪ್ಟೆಂಬರಿನಲ್ಲಿ ಹೊರಟರು.

ಗುಡ್‌ಹೋಪ್ ಭೂಶಿರ ತಲುಪುವ ಮೊದಲೇ ನೌಕಾಪಡೆಯ ಒಂದು ತಂಡ ಎದುರಾಯಿತು. ಕಾಯಿಲೆಯಿಂದ ಜನ ಕಳೆದುಕೊಂಡಿದ್ದ ಅದರ ಮುಖ್ಯಸ್ಥ ಕಿಡ್‌ನ ನಾವಿಕರಲ್ಲಿ 30 ಮಂದಿ ಬೇಕು ಅಂದ. ಒಂದು ರಾತ್ರಿ ಗಾಳಿ ಪೂರ್ತಿ ನಿಂತಾಗ ಕಿಡ್ ಹುಟ್ಟು ಹಾಕಿಸಿ ಕತ್ತಲಲ್ಲೇ ಜಾಗ ಖಾಲಿ ಮಾಡಿದ. 46 ಹುಟ್ಟಿನ ದುಡ್ಡು ಅವತ್ತು ವಸೂಲಾಯಿತು. ಆದರೆ ರಾಜನ ಪತ್ರ ಇಟ್ಟುಕೊಂಡವನು ರಾಜನ ನೌಕಾಪಡೆಯಿಂದಲೇ ಯಾಕೆ ಓಡಿದ ಅನ್ನೋ ಅನುಮಾನ ಅವತ್ತಿನಿಂದಲೇ ಹುಟ್ಟಿತು.

1697ರ ಮಾರ್ಚ್ ಗಡುವು ಬಂದಾಗ ಅವನು ಆಫ್ರಿಕಾದ ಪೂರ್ವಕ್ಕೆ ಕೊಮೊರೊ ದ್ವೀಪಗಳ ಆಸುಪಾಸಿನಲ್ಲಿದ್ದ. ಅಲ್ಲಿ ರೋಗ ಬಂದು ಸುಮಾರು 50 ಜನ ಸತ್ತರು. ಒಂದೇ ಒಂದು ಕಡಲ್ಗಳ್ಳರ ಹಡಗು ಕಣ್ಣಿಗೆ ಬಿದ್ದಿರಲಿಲ್ಲ. ಹಡಗು ಸೋರುತ್ತಿತ್ತು. ಜನರ ಮುಖ, ಗೇಮಿನ ಭಾಷೆಯಲ್ಲಿ ಹೇಳೋದಾದರೆ, ಕೆಂಪಾಗಿತ್ತು.

ಇಲ್ಲಿ ಕಿಡ್ ದಾರಿ ಬದಲಿಸಿದ. ಕೆಂಪು ಸಮುದ್ರದ ಬಾಗಿಲಿಗೆ ಹೋಗಿ ಹೊಂಚು ಹಾಕಿದ. ಮೋಕಾ ಬಂದರಿನಿಂದ ಸೂರತ್‌ಗೆ ಮರಳುವ ವ್ಯಾಪಾರಿ ಹಡಗುಗಳ, ಹಜ್ ಯಾತ್ರಿಕರ ಹಡಗುಗಳ ದಂಡು ಅದೇ ದಾರಿಯಲ್ಲಿ ಬರುತ್ತದೆ. ಅವು ಫ್ರೆಂಚರದ್ದೂ ಅಲ್ಲ, ಕಡಲ್ಗಳ್ಳರದ್ದೂ ಅಲ್ಲ. ಕೈಲಿದ್ದ ಎರಡೂ ಪತ್ರ ಇದಕ್ಕೆ ಒದಗುವುದಿಲ್ಲ. 1697ರ ಆಗಸ್ಟಿನಲ್ಲಿ ಆ ದಂಡಿನೊಳಗೆ ನುಗ್ಗಲು ನೋಡಿದ. ಕಾವಲಿಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೆಪ್ಟರ್ ಎಂಬ ಹಡಗು ಗುಂಡು ಹಾರಿಸಿ ಅಟ್ಟಿತು. ಕಿಡ್ ಪಾಪದವನು, ಸುಮ್ಮನೆ ಸಿಕ್ಕಿಕೊಂಡ ಅಂತ ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವತ್ತು ಸೆಪ್ಟರ್ ಇಲ್ಲದಿದ್ದರೆ ಅವನು ದೋಚಿಯೇ ತೀರುತ್ತಿದ್ದ.

ಈ ಸೋಲು ಹೊತ್ತು ಅರಬ್ಬಿ ಸಮುದ್ರ ದಾಟಿ ನಮ್ಮ ಕರಾವಳಿಯ ಕಡೆ ಬಂದ. ಮೇರಿ ಎಂಬ ಚಿಕ್ಕ ವ್ಯಾಪಾರಿ ಹಡಗು ಸಿಕ್ಕಿತು. ಅದರ ಕ್ಯಾಪ್ಟನ್ ಪಾರ್ಕರ್ ಎಂಬ ಇಂಗ್ಲಿಷರವನು. ಅವನ ಜೊತೆ ಕಿಡ್ ಮಾತಾಡುತ್ತಿದ್ದಾಗಲೇ ಇವನ ಜನ ಅಲ್ಲಿಗೆ ಹೋಗಿ, ಹಣ ಎಲ್ಲಿದೆ ಹೇಳಿ ಅಂತ ನಾವಿಕರನ್ನು ಕತ್ತಿಯ ಚಪ್ಪಟೆ ಬದಿಯಿಂದ ಬಡಿದರು. ಸಿಕ್ಕಿದ್ದು ಒಂದಿಷ್ಟು ಮೆಣಸು, ಕಾಫಿ, ಸ್ವಲ್ಪ ಹಣ. ದಾರಿ ತೋರಿಸಲು ಪಾರ್ಕರ್‌ನನ್ನೂ, ದುಭಾಷಿಯಾಗಿ ಒಬ್ಬ ಪೋರ್ಚುಗೀಸನನ್ನೂ ಕಿಡ್ ತನ್ನ ಹಡಗಿನಲ್ಲೇ ಹಿಡಿದಿಟ್ಟುಕೊಂಡ.

1697ರ ಸೆಪ್ಟೆಂಬರ್ ಮೊದಲಲ್ಲಿ ಅಡ್ವೆಂಚರ್ ಗ್ಯಾಲಿ ಕಾರವಾರಕ್ಕೆ ಬಂತು. ನೀರು ಬೇಕಿತ್ತು, ಸೌದೆ ಬೇಕಿತ್ತು. ಮೆಣಸಿನ ವ್ಯಾಪಾರಕ್ಕಾಗಿ ಕಾರವಾರದಲ್ಲಿ ಇಂಗ್ಲಿಷರ ಕೋಠಿ ಆ ಹೊತ್ತಿಗೆ ಹಳೆಯದಾಗಿತ್ತು, 1638ರಿಂದಲೂ ಅವರು ಅಲ್ಲಿಗೆ ಬಂದಿದ್ದರು. ಕಿಡ್ ತಾನು ರಾಜನ ಅಪ್ಪಣೆಯ ಮೇಲೆ ಬಂದವನು ಅಂತ ಪರಿಚಯಿಸಿಕೊಂಡ. ಆದರೆ ಮೇರಿಯ ಸುದ್ದಿ ಅವನಿಗಿಂತ ಮುಂಚೆಯೇ ದಡ ಮುಟ್ಟಿತ್ತು. ಕೋಠಿಯ ಇಬ್ಬರು ಅಧಿಕಾರಿಗಳು ಹಡಗು ಹತ್ತಿ ಬಂದು ಪಾರ್ಕರ್ ಎಲ್ಲಿ ಅಂತ ವಿಚಾರಿಸಿದರು. ಅಂಥವರು ಯಾರೂ ಇಲ್ಲಿಲ್ಲ ಅಂದುಬಿಟ್ಟ ಕಿಡ್. ಪಾರ್ಕರ್ ಆಗ ಅದೇ ಹಡಗಿನ ತಳದಲ್ಲಿ, ಅವರ ಕಾಲ ಕೆಳಗೇ ಬಂದಿಯಾಗಿದ್ದ.

ಕಾರವಾರದಲ್ಲಿ ಕಿಡ್ ಒಂದಿಷ್ಟು ಜನರನ್ನೂ ಕಳೆದುಕೊಂಡ. ಇನ್ನು ಇವನ ಸಹವಾಸ ಸಾಕು ಅಂದುಕೊಂಡ ಕೆಲವರು ದಡಕ್ಕಿಳಿದವರು ವಾಪಸ್ ಹತ್ತಲೇ ಇಲ್ಲ. ಅವರಲ್ಲೊಬ್ಬ ಬೆಂಜಮಿನ್ ಫ್ರ್ಯಾಂಕ್ಸ್, ಆಭರಣದ ವ್ಯಾಪಾರಿ. ನಾವಿಕನೇ ಅಲ್ಲ, ಭಾರತಕ್ಕೆ ಬರಬೇಕು ಅಂತ ನ್ಯೂಯಾರ್ಕಿನಲ್ಲಿ ಹಡಗು ಹತ್ತಿದ್ದವನು. ಅವನು ಅಕ್ಟೋಬರಿನಲ್ಲಿ ಬೊಂಬಾಯಿಯ ಕಂಪನಿ ಅಧಿಕಾರಿಗಳ ಮುಂದೆ ಕಂಡದ್ದೆಲ್ಲ ಹೇಳಿಕೆ ಕೊಟ್ಟ. ಕಾರವಾರದ ಕೋಠಿಯಿಂದಲೂ ಎಚ್ಚರಿಕೆಯ ಪತ್ರಗಳು ಹೋದವು. ಕಿಡ್ ಕಡಲ್ಗಳ್ಳನಾಗಿದ್ದಾನೆ ಅನ್ನೋ ಮಾತು ಕಾಗದದ ಮೇಲೆ ಬಂದು ಕಂಪನಿಯ ಕೈ ಸೇರಿದ ದಾರಿಗಳಲ್ಲಿ ನಮ್ಮ ಕಾರವಾರವೂ ಒಂದು. ಆ ಹೊತ್ತಿಗೆ ಅವನು ಒಂದೂ ದೊಡ್ಡ ಹಡಗು ಹಿಡಿದಿರಲಿಲ್ಲ.

ಕಾರವಾರ ಬಿಟ್ಟ ಮೇಲೆ ಗೋವೆಯ ಪೋರ್ಚುಗೀಸರ ಎರಡು ಯುದ್ಧನೌಕೆಗಳು ಬೆನ್ನು ಹತ್ತಿದವು. ಚಿಕ್ಕದಕ್ಕೆ ಏಟು ಕೊಟ್ಟು ದೊಡ್ಡದು ಹತ್ತಿರ ಬರುವ ಮೊದಲು ತಪ್ಪಿಸಿಕೊಂಡ. ಲಕ್ಷದ್ವೀಪದಲ್ಲಿ ಹಡಗು ದುರಸ್ತಿಗೆ ನಿಂತಾಗ ಇವನ ಜನ ಅಲ್ಲಿನವರ ಮೇಲೆ ಮಾಡಿದ ಅನಾಚಾರಕ್ಕೆ ಲೆಕ್ಕವಿಲ್ಲ. ರೊಚ್ಚಿಗೆದ್ದ ದ್ವೀಪದವರು ಹಡಗಿನ ಪೀಪಾಯಿ ಮಾಡುವವನನ್ನು ಕೊಂದರೆ ಇವರು ಅವರ ಮನೆಗಳಿಗೆ ಬೆಂಕಿ ಇಟ್ಟರು. ಗೇಮಿನಲ್ಲಿ ಊರು ದೋಚಿದಾಗ ಮೇಲೆ ಒಂದು ಸಂಖ್ಯೆ ಏರುತ್ತದೆ, ಅಷ್ಟೆ. ಇಲ್ಲಿ ಹಾಗಲ್ಲವಲ್ಲ.

ಆಮೇಲೆ ಲಾಯಲ್ ಕ್ಯಾಪ್ಟನ್ ಎಂಬ ಇಂಗ್ಲಿಷ್ ಹಡಗು ಎದುರಾಯಿತು. ಹಡಗಿನ ಜನ ಹಿಡಿಯೋಣ ಅಂದರು. ಕಿಡ್ ಬಿಲ್‌ಕುಲ್ ಒಪ್ಪಲಿಲ್ಲ, ತನ್ನ ಪತ್ರಕ್ಕೆ ಅದು ವಿರುದ್ಧ ಅಂದ. ದಂಗೆ ಏಳುವುದೊಂದು ಬಾಕಿ. ಆ ಕುದಿ ಆರಲೇ ಇಲ್ಲ. 1697ರ ಅಕ್ಟೋಬರ್ 30ರಂದು ಫಿರಂಗಿಯ ಉಸ್ತುವಾರಿ ನೋಡುತ್ತಿದ್ದ ವಿಲಿಯಂ ಮೂರ್ ಡೆಕ್ ಮೇಲೆ ಕೂತು ಉಳಿ ಮಸೆಯುತ್ತಾ ಅದೇ ವಿಷಯ ಕೆದಕಿದ. ಮಾತಿಗೆ ಮಾತು ಬೆಳೆಯಿತು. ಕಿಡ್ ಪಕ್ಕದಲ್ಲಿದ್ದ, ಕಬ್ಬಿಣದ ಪಟ್ಟಿ ಹಾಕಿದ ಮರದ ಬಕೆಟ್ ಎತ್ತಿ ಅವನ ತಲೆಗೆ ಬೀಸಿದ. ಮರುದಿನ ಮೂರ್ ಸತ್ತ. ಕಿಡ್ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡ ಹಾಗಿಲ್ಲ. ಲಂಡನ್ನಿನ ನ್ಯಾಯಾಲಯ ಮಾತ್ರ ಮೂರೂವರೆ ವರ್ಷದ ಮೇಲೆ ಆ ಬಕೆಟ್ಟಿನಿಂದಲೇ ಶುರು ಮಾಡಿತು.

ಕೊನೆಗೂ ಬೇಟೆ ಸಿಕ್ಕಿತು. ಆ ಕಾಲದಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಿ ಹಡಗುಗಳು ಬೇರೆ ಬೇರೆ ದೇಶಗಳ ಪಾಸು ಇಟ್ಟುಕೊಂಡು ತಿರುಗುತ್ತಿದ್ದವು. ಇಂಗ್ಲಿಷ್ ಹಡಗು ಕಂಡರೆ ಇಂಗ್ಲಿಷ್ ಪಾಸು, ಫ್ರೆಂಚ್ ಹಡಗು ಕಂಡರೆ ಫ್ರೆಂಚ್ ಪಾಸು. ಕಿಡ್ ಫ್ರೆಂಚ್ ಬಾವುಟ ಹಾರಿಸಿಕೊಂಡು ಹತ್ತಿರ ಹೋದ. ಎದುರಿನವರು ನಂಬಿ ಫ್ರೆಂಚ್ ಪಾಸು ತೋರಿಸಿದರು. ತೋರಿಸಿದ ಕೂಡಲೇ ಇಂಗ್ಲಿಷ್ ಬಾವುಟ ಮೇಲೇರಿತು. ಪಾಸಿನ ಪ್ರಕಾರ ನೀವು ಫ್ರೆಂಚರು, ನನ್ನ ಪತ್ರದ ಪ್ರಕಾರ ಫ್ರೆಂಚರು ನನ್ನ ಬೇಟೆ. ನವೆಂಬರಿನಲ್ಲಿ ಸೂರತ್ ಕಡೆಯ ಒಂದು ಹಡಗು ಹೀಗೆ ಸಿಕ್ಕಿತು. 1698ರ ಜನವರಿ 30ರಂದು ಕೊಚ್ಚಿ ಕಡೆಯ ಸಮುದ್ರದಲ್ಲಿ ಕ್ವೆಡಾ ಮರ್ಚೆಂಟ್ ಸಿಕ್ಕಿತು.

ಬಂಗಾಳದಿಂದ ಸೂರತ್‌ಗೆ ಹೊರಟಿದ್ದ ಭಾರೀ ಹಡಗು ಅದು. ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು, ಕಬ್ಬಿಣ, ಪೆಟ್ಲುಪ್ಪು. ಸರಕು ತುಂಬಿಸಿದವರು ಅರ್ಮೇನಿಯಾದ ವ್ಯಾಪಾರಿಗಳು, ಜೊತೆಗೆ ಔರಂಗಜೇಬನ ಆಸ್ಥಾನದ ಮುಖ್ಲಿಸ್ ಖಾನನ ಪಾಲೂ ಇತ್ತು. ಹಡಗು ನಡೆಸುತ್ತಿದ್ದವನು ಒಬ್ಬ ಇಂಗ್ಲಿಷರವನು! ಅದು ಗೊತ್ತಾದಾಗ ವಾಪಸ್ ಕೊಟ್ಟುಬಿಡೋಣ ಅಂತ ತಾನು ಹೇಳಿದೆ, ಜನ ಕೇಳಲಿಲ್ಲ ಅಂತ ಕಿಡ್ ಆಮೇಲೆ ಹೇಳಿಕೊಂಡ. ಎರಡೂ ಫ್ರೆಂಚ್ ಪಾಸುಗಳನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟುಕೊಂಡ. ತನ್ನನ್ನು ಕಾಯೋದು ಅವೇ ಅಂತ ಅವನಿಗೆ ಗೊತ್ತಿತ್ತು.

ಈ ಹಡಗು ಹಿಡಿದಿದ್ದರ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ ಎರಡೂವರೆ ವರ್ಷ ಹಿಂದೆ ಹೋಗಬೇಕು. 1695ರಲ್ಲಿ ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ಮೊಗಲರ ಗಂಜ್-ಇ-ಸವಾಯಿ ಹಡಗನ್ನು ದೋಚಿ ಯಾತ್ರಿಕರ ಮೇಲೆ ಘೋರ ಅತ್ಯಾಚಾರ ನಡೆಸಿದ್ದ. ಔರಂಗಜೇಬ ಸೂರತ್‌ನ ಇಂಗ್ಲಿಷರನ್ನು ಸೆರೆಗೆ ಹಾಕಿಸಿದ. ಕಂಪನಿಯ ವ್ಯಾಪಾರವೇ ನಿಂತುಹೋಗುವ ಸ್ಥಿತಿ. ಎವರಿ ಕೈಗೆ ಸಿಗದೆ ಮಾಯವಾದ. ಈಗ ಮತ್ತೆ ಅದೇ ಸೂರತ್, ಅದೇ ದರ್ಬಾರು, ಮತ್ತೊಬ್ಬ ಇಂಗ್ಲಿಷ್ ಕ್ಯಾಪ್ಟನ್, ಅದೂ ರಾಜನ ಪತ್ರ ಇಟ್ಟುಕೊಂಡವನು. ಕಂಪನಿಗೆ ತೋರಿಸಲು ಒಂದು ತಲೆ ಬೇಕಿತ್ತು. 1698ರ ಡಿಸೆಂಬರಿನಲ್ಲಿ ರಾಜ ಪೂರ್ವ ಸಮುದ್ರದ ಕಡಲ್ಗಳ್ಳರಿಗೆಲ್ಲ ಕ್ಷಮಾದಾನ ಸಾರಿದಾಗ ಇಬ್ಬರ ಹೆಸರು ಹೇಳಿ ಹೊರಗಿಟ್ಟ. ಒಬ್ಬ ಎವರಿ, ಇನ್ನೊಬ್ಬ ಕಿಡ್.

ಕಿಡ್‌ಗೆ ಇದ್ಯಾವುದೂ ತಿಳಿದಿರಲಿಲ್ಲ. 1698ರ ಏಪ್ರಿಲ್‌ನಲ್ಲಿ ಅವನು ಮಡಗಾಸ್ಕರ್ ಪಕ್ಕದ ಸೇಂಟ್ ಮೇರಿ ದ್ವೀಪಕ್ಕೆ ಬಂದ. ಅಲ್ಲಿ ಲಂಗರು ಹಾಕಿ ನಿಂತಿದ್ದವನು ಯಾರು ಹೇಳಿ? ಎಂಟು ವರ್ಷದ ಹಿಂದೆ ಇವನ ಹಡಗು ಕದ್ದು ಓಡಿದ್ದ ಕಲಿಫರ್ಡ್! ಈಗ ಅಪ್ಪಟ ಕಡಲ್ಗಳ್ಳ, ಅಂದರೆ ಕಿಡ್ ಹಿಡಿಯಬೇಕಾಗಿದ್ದ ಜಾತಿಯವನು. ಕಿಡ್ ಹಿಡಿಯಲಿಲ್ಲ. ಹಿಡಿಯೋಣ ಅಂದರೆ ಜನ ಬರಲಿಲ್ಲ ಅಂತ ಅವನ ಮಾತು, ಇಬ್ಬರೂ ಕೂತು ಕುಡಿದು ಸ್ನೇಹವಾದರು ಅಂತ ವಿರೋಧಿಗಳ ಮಾತು. ಹೇಗಾದರಾಗಲಿ, ಲೂಟಿ ಹಂಚಿಕೆಯಾದ ಮೇಲೆ ಕಿಡ್‌ನ ಹೆಚ್ಚಿನ ಜನ ಅವನನ್ನು ಬಿಟ್ಟು ಕಲಿಫರ್ಡ್‌ನ ಹಡಗು ಹತ್ತಿದರು. ಗೇಮಿನಲ್ಲಿ ಲೂಟಿ ಹಂಚಿದ ಕೂಡಲೇ ಹಡಗು ಖಾಲಿಯಾಗುತ್ತಲ್ಲ, ಅದು ಬರೀ ನಿಯಮ ಅಂದುಕೊಂಡಿದ್ದೆ. ಅಡ್ವೆಂಚರ್ ಗ್ಯಾಲಿಯ ಒಡಲು ಕಳಚಿಕೊಳ್ಳದಿರಲಿ ಅಂತ ದಪ್ಪ ಹಗ್ಗ ಸುತ್ತಿ ಬಿಗಿದು, ಹಗಲು ರಾತ್ರಿ ಪಂಪು ಹೊಡೆದು ಅಲ್ಲಿಯವರೆಗೆ ತಂದಿದ್ದರು. ಅದರ ಕಥೆ ಅಲ್ಲಿಗೆ ಮುಗಿಯಿತು. ಉಳಿದ ಕೆಲವರೊಂದಿಗೆ ಕಿಡ್ ಕ್ವೆಡಾ ಮರ್ಚೆಂಟ್ ಹತ್ತಿ ಮನೆಯ ಕಡೆ ಹೊರಟ.

1699ರ ಏಪ್ರಿಲ್‌ನಲ್ಲಿ ಕೆರಿಬಿಯನ್ನಿನ ಆಂಗ್ವಿಲಾ ದ್ವೀಪದಲ್ಲಿ ಸುದ್ದಿ ಸಿಕ್ಕಿತು, ತನ್ನನ್ನು ಕಡಲ್ಗಳ್ಳ ಅಂತ ಸಾರಿದ್ದಾರೆ ಎಂದು. ಓಡಿಹೋಗಬಹುದಿತ್ತು. ಎವರಿ ಹಾಗೇ ಮಾಡಿದ್ದ. ಕಿಡ್ ಓಡಲಿಲ್ಲ. ಅವನ ಬಳಿ ಎರಡು ರಾಜಪತ್ರ ಇದ್ದವು, ಎರಡು ಫ್ರೆಂಚ್ ಪಾಸು ಇದ್ದವು, ಬಾಸ್ಟನ್ನಿನಲ್ಲಿ ಗವರ್ನರ್ ಆಗಿ ಕೂತಿದ್ದವನು ತನ್ನದೇ ಹೂಡಿಕೆದಾರ ಬೆಲೊಮಾಂಟ್. ಗುರುತು ಹಿಡಿಯಲು ಸುಲಭವಾದ ಕ್ವೆಡಾ ಮರ್ಚೆಂಟನ್ನು ಹಿಸ್ಪಾನಿಯೋಲದ ಪಕ್ಕ ಕೆಲವರ ಕಾವಲಿನಲ್ಲಿ ಬಿಟ್ಟು, ಚಿಕ್ಕ ಹಡಗೊಂದನ್ನು ಕೊಂಡು ಉತ್ತರಕ್ಕೆ ಹೊರಟ. ನ್ಯೂಯಾರ್ಕ್ ಬಳಿಯ ಗಾರ್ಡಿನರ್ಸ್ ದ್ವೀಪದಲ್ಲಿ, ಜಾಗದ ಯಜಮಾನನಿಗೆ ಹೇಳಿಯೇ, ಒಂದಿಷ್ಟು ಚಿನ್ನ-ಬೆಳ್ಳಿ ಹೂತಿಟ್ಟ. ಮಾತುಕತೆಯಲ್ಲಿ ಬಿಗಿಹಿಡಿಯಲು ಕೈಯಲ್ಲೊಂದು ದಾಳ ಇರಲಿ ಅಂತ. ಕಡಲ್ಗಳ್ಳರ ಹೂತಿಟ್ಟ ನಿಧಿಯ ಕಥೆಗಳೆಲ್ಲ ಬಹುಮಟ್ಟಿಗೆ ಇದೊಂದು ಗುಂಡಿಯಿಂದ ಬೆಳೆದವು. ನಾನು ಗೇಮಿನಲ್ಲಿ ಅಗೆದ ಪೆಟ್ಟಿಗೆಯ ಮೂಲವೂ ಇದೇ. ನಿಜವಾದದ್ದನ್ನು ಕೆಲವೇ ವಾರಗಳಲ್ಲಿ ಸರ್ಕಾರ ಅಗೆದು, ಪಟ್ಟಿ ಮಾಡಿ, ಒಯ್ಯಿತು.

ಬೆಲೊಮಾಂಟ್ ನಯವಾಗಿ ಪತ್ರ ಬರೆದು ಕರೆಸಿಕೊಂಡ. ಫ್ರೆಂಚ್ ಪಾಸುಗಳು ಕೈಗೆ ಬಂದ ಮೇಲೆ, 1699ರ ಜುಲೈ 6ರಂದು ಬಾಸ್ಟನ್ನಿನಲ್ಲಿ ಕಿಡ್‌ನನ್ನು ಹಿಡಿಸಿದ. ಆ ದೊಡ್ಡ ಮನುಷ್ಯರಿಗೆ ಈಗ ಲಾಭಕ್ಕಿಂತ ಹೆಚ್ಚಾಗಿ ಹೆಸರು ಉಳಿದರೆ ಸಾಕಾಗಿತ್ತು. 1700ರಲ್ಲಿ ಕಿಡ್‌ನನ್ನು ಲಂಡನ್ನಿಗೆ ಸಾಗಿಸಿ ನ್ಯೂಗೇಟ್ ಜೈಲಿಗೆ ಹಾಕಿದರು. 1701ರ ಮಾರ್ಚಿನಲ್ಲಿ ಸಂಸತ್ತಿನ ಮುಂದೆ ನಿಲ್ಲಿಸಿದರು. ಅಧಿಕಾರದಲ್ಲಿದ್ದು ಇಳಿದವರನ್ನು ಸಿಕ್ಕಿಸಲು ಅವರ ವಿರೋಧಿಗಳಿಗೆ ಇವನ ಬಾಯಿಂದ ಒಂದೆರಡು ಹೆಸರು ಬೇಕಿತ್ತು. ಕೊಟ್ಟಿದ್ದರೆ ಬದುಕುತ್ತಿದ್ದನೋ ಏನೋ. ಅವನು ಯಾರನ್ನೂ ಸಿಕ್ಕಿಸಲಿಲ್ಲ. ಕಾಪಾಡುತ್ತಾರೆ ಅನ್ನೋ ನಂಬಿಕೆ ಆಗಲೂ ಉಳಿದಿತ್ತು ಅಂತ ಕಾಣುತ್ತದೆ.

ಮೇ 8 ಮತ್ತು 9ರಂದು ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ. ಮೊದಲು ಮೂರ್‌ನ ಕೊಲೆ, ಆಮೇಲೆ ಕಡಲ್ಗಳ್ಳತನದ ಆರೋಪಗಳು. ಸಾಕ್ಷಿ ಹೇಳಿದ್ದು ಅವನದೇ ಹಡಗಿನ ವೈದ್ಯ ಮತ್ತು ಇನ್ನೊಬ್ಬ ನಾವಿಕ, ಇಬ್ಬರೂ ಕ್ಷಮೆಯ ಆಸೆಗೆ. ಫ್ರೆಂಚ್ ಪಾಸುಗಳು ಬೇಕು ಅಂತ ಕಿಡ್ ಮತ್ತೆ ಮತ್ತೆ ಕೇಳಿಕೊಂಡ. ಅವು ಬೆಲೊಮಾಂಟ್‌ನ ಕೈಯಿಂದ ಲಂಡನ್ ತಲುಪಿದ್ದವು, ನ್ಯಾಯಾಲಯಕ್ಕೆ ಮಾತ್ರ ಬರಲಿಲ್ಲ. ಇದ್ದವು ಅಂತ ಅವನು ಹೇಳಿದ, ಎಲ್ಲಿವೆ ಅಂತ ಅವರು ಕೇಳಿದರು. ಬೆಲೊಮಾಂಟ್ ಎರಡು ತಿಂಗಳ ಹಿಂದೆ ಅಮೆರಿಕದಲ್ಲೇ ತೀರಿಕೊಂಡಿದ್ದ. ಪಾಸುಗಳು ಸಿಕ್ಕಿದ್ದರೂ ಮೂರ್‌ನ ಕೊಲೆಯಿಂದ ಅವನು ಪಾರಾಗುತ್ತಿರಲಿಲ್ಲ. ಆದರೆ ಕಡಲ್ಗಳ್ಳ ಅನ್ನೋ ಪದಕ್ಕೆ ಅವನ ಬಳಿ ಇದ್ದ ಒಂದೇ ಉತ್ತರ ಆ ಎರಡು ಹಾಳೆ. ಎಲ್ಲ ಆರೋಪಗಳೂ ಸಾಬೀತು ಅಂತ ತೀರ್ಪಾಯಿತು.

1701ರ ಮೇ 23ರಂದು ಥೇಮ್ಸ್ ದಡದ ವಾಪಿಂಗ್‌ನಲ್ಲಿ ನೇಣು. ಮೊದಲ ಸಲ ಹಗ್ಗ ಹರಿದು ಕಿಡ್ ಜೀವಂತ ಕೆಳಗೆ ಬಿದ್ದ. ಎತ್ತಿ ಮತ್ತೆ ಹತ್ತಿಸಿದರು. ಎರಡನೇ ಸಲ ಹರಿಯಲಿಲ್ಲ. ಹೆಣಕ್ಕೆ ಡಾಂಬರು ಬಳಿದು, ಕಬ್ಬಿಣದ ಪಂಜರದಲ್ಲಿ ಬಿಗಿದು, ಹೋಗಿ ಬರುವ ಹಡಗಿನವರೆಲ್ಲ ನೋಡಲಿ ಅಂತ ನದಿಯ ಅಂಚಿನ ಟಿಲ್ಬರಿಯಲ್ಲಿ ವರ್ಷಗಟ್ಟಲೆ ನೇತುಹಾಕಿದ್ದರು. ಕಲಿಫರ್ಡ್‌ಗೂ ಅದೇ ಲಂಡನ್ನಿನಲ್ಲಿ ಶಿಕ್ಷೆಯಾಯಿತು, ಆದರೆ ಇನ್ನೊಬ್ಬನ ವಿರುದ್ಧ ಸಾಕ್ಷಿ ಹೇಳಲು ಒಪ್ಪಿ ನೇಣಿನಿಂದ ಪಾರಾದ. ಸಾರಾ ಮತ್ತೊಂದು ಮದುವೆಯಾಗಿ 1744ರವರೆಗೆ ಬದುಕಿದ್ದಳು. ಕಿಡ್‌ನಿಂದ ವಶಪಡಿಸಿಕೊಂಡ ಮಾಲಿನಿಂದ ಬಂದ ಸುಮಾರು ಆರೂವರೆ ಸಾವಿರ ಪೌಂಡು ಗ್ರೀನ್‌ವಿಚ್‌ನ ನಾವಿಕರ ಆಸ್ಪತ್ರೆಗೆ ಹೋಯಿತು. ವಂದನೆ ಸಲ್ಲಿಸದೆ ಹಿಂಭಾಗ ತಟ್ಟಿ ತೋರಿಸಿದ್ದರಲ್ಲ, ಅದೇ ಗ್ರೀನ್‌ವಿಚ್.

ಫ್ರೆಂಚ್ ಪಾಸುಗಳು ಇಪ್ಪತ್ತನೇ ಶತಮಾನದ ಮೊದಲಲ್ಲಿ ಲಂಡನ್ನಿನ ಸರ್ಕಾರಿ ದಾಖಲೆಗಳ ಕಟ್ಟಿನೊಳಗೆ ಸಿಕ್ಕವು. ಎರಡೂ ನಿಜವಾದವೇ. ಸಿಗುವ ಹೊತ್ತಿಗೆ ಇನ್ನೂರು ವರ್ಷ ದಾಟಿತ್ತು. 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಕಟಲೀನಾ ದ್ವೀಪದ ಬಳಿ, ದಡದಿಂದ ಕೂಗಳತೆಯಲ್ಲಿ, ಮೂರು ಮೀಟರ್ ಆಳದ ತಿಳಿನೀರಿನಲ್ಲಿ ರಾಶಿಬಿದ್ದ ಫಿರಂಗಿಗಳು ಕಂಡವು. ಇಂಡಿಯಾನಾ ವಿಶ್ವವಿದ್ಯಾಲಯದ ತಂಡ ಅದನ್ನು ಕ್ವೆಡಾ ಮರ್ಚೆಂಟ್ ಎಂದು ಗುರುತಿಸಿತು. ಕಾವಲಿಗೆ ಬಿಟ್ಟಿದ್ದವರು ಕಿಡ್ ಸೆರೆಯಾಗುವ ಹೊತ್ತಿಗೆಲ್ಲ ಸರಕು ಮಾರಿ ಹಡಗಿಗೆ ಬೆಂಕಿ ಇಟ್ಟು ಹೋಗಿದ್ದರು. ಈಗ ಅದು ನೀರಿನೊಳಗಿನ ಮ್ಯೂಸಿಯಂ, ಧುಮುಕಿ ನೋಡಿ ಬರಬಹುದು.

ಮೊನ್ನೆ ಗೇಮನ್ನು ಮತ್ತೆ ಹೊಸದಾಗಿ ಶುರು ಮಾಡಿದೆ. ಪ್ರತಿ ಹೊಸ ಆಟದಲ್ಲೂ ಕಿಡ್ ಇರುತ್ತಾನೆ, ತನ್ನ ಹಡಗಿನಲ್ಲಿ ಓಡಾಡಿಕೊಂಡು. ಹೆಂಡದಂಗಡಿಯಲ್ಲಿ ಅವನ ನಕ್ಷೆಯ ಒಂದು ತುಂಡು ಮಾರಾಟಕ್ಕೆ ಸಿಕ್ಕಿತು. ಇನ್ನೂ ಮೂರು ಹುಡುಕಬೇಕು.